ಹೊಸ್ತಿಲಿಂದಲೇ ಲೆಕ್ಕ ಹಾಕಿ

ಕಲಬುರಗಿಯ ತೊಗರಿ ವ್ಯಾಪಾರಿಯೊಬ್ಬರ ಪತ್ರ: “ಅಪ್ಪ-ಅವ್ವನ ಮದುವಿ ಆಗಿ ಈ ಡಿಸೆಂಬರಕ್ಕ ನಲವತ್ತು ವರ್ಷ. ಅವರಿಬ್ಬರು, ನಾವಿಬ್ಬರು ಮಾಲ್ಡೀವ್ಸ್‌ಗೆ ಹೊಂಟೀವಿ. ನೀರಿನ ಮ್ಯಾಲಿನ ವಿಲ್ಲಾ ಎರಡು, ನಾಕು ರಾತ್ರಿ, ವಿಲ್ಲಾಕ್ಕ ರಾತ್ರಿಗೆ ಸಾವಿರ ಡಾಲರ್ ಅಂತ ಏಜೆಂಟರು ಚೀಟಿ ಕೊಟ್ಟಾರ. ಅದರ ಮುಂದ ಎರಡು ಪ್ಲಸ್ ಗುರುತು ಅದಾವ. ನಿಮ್ಮ ಪತ್ರಿಕಿದಾಗ ಮಾತ್ರ ಈಗಿನ ಲಕ್ಷುರಿ ಅಂದ್ರ ಸಾವಕಾಶ, ಶಾಂತ ಅಂತ ಬರೀತೀರಿ. ರೊಕ್ಕ ಜಾಸ್ತಿ ತಗೊಂಡು ಮಾಲು ಕಮ್ಮಿ ಕೊಡೋದಕ್ಕ ಇಟ್ಟ ಹೊಸ ಹೆಸರೇನ್ರಿ ಇದು? ಇದರ ಬದಲಿ ಗೋಲ್ಡನ್ ಚಾರಿಯಟ್ ರೈಲು ಹ್ಯಾಂಗ? ಅವ್ವಗ ಮೊಣಕಾಲು ನೋವು, ಅಪ್ಪಗ ಸಕ್ಕರಿ. ರೊಟ್ಟಿ ಒಯ್ಯಬಹುದೇನು ಅಂತ ಅವ್ವ ಕೇಳ್ಯಾಳ.”

ಸಂಪಾದಕರ ಉತ್ತರ:

ನಿಮ್ಮ ಅನುಮಾನ ಅರ್ಧ ಸರಿ. ಕೋಣೆಯಲ್ಲಿ ಟಿವಿ ಇಡುವುದಿಲ್ಲ, ನಿಮ್ಮ ಫೋನು ನಮ್ಮ ಹತ್ತಿರ ಇರಲಿ ಎಂದು ಹೇಳಿ ಅದಕ್ಕೂ ಮೇಲುದರ ಹಾಕುವ ರೆಸಾರ್ಟ್‌ಗಳಿವೆ. ಚೆನ್ನಾಗಿ ನಿದ್ದೆ ಬರಿಸುತ್ತೇವೆ ಅನ್ನುವುದೇ ಒಂದು ಪ್ಯಾಕೇಜ್. ಬೇಸಿಗೆಯಲ್ಲಿ ತಂಪು ಊರಿಗೆ ಹೋಗುವುದಕ್ಕೆ ‘ಕೂಲ್‌ಕೇಶನ್’ ಎಂದು ಹೆಸರಿಟ್ಟು ಮಾರುತ್ತಿದ್ದಾರೆ. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಉಳಿದರ್ಧ ಮಾತ್ರ ನಿಜವಾದ ಬದಲಾವಣೆ. ಎಂಟು ದಿನಕ್ಕೆ ಐದು ಊರು ಸುತ್ತುತ್ತಿದ್ದವರು ಈಗ ಒಂದೇ ಕಡೆ ಕೂರುತ್ತಿದ್ದಾರೆ, ಹಿರಿಯರನ್ನೂ ಕರೆದೊಯ್ಯುತ್ತಿದ್ದಾರೆ, ಝಗಮಗಿಸುವ ತೂಗುದೀಪಕ್ಕಿಂತ ಹೆಚ್ಚಾಗಿ ಕಾಯದೆ ಇರುವುದಕ್ಕೆ ದುಡ್ಡು ಕೊಡುತ್ತಿದ್ದಾರೆ. ನಿಮ್ಮ ಚೀಟಿಯನ್ನೂ ಹಾಗೆಯೇ ಅಳೆಯಬೇಕು: ಎಷ್ಟು ಹೊತ್ತು ಕಾಯುತ್ತೀರಿ, ಎಷ್ಟು ಹೊತ್ತು ಆರಾಮಾಗಿ ಕೂರುತ್ತೀರಿ?

ಮೊದಲು ಆ ಎರಡು ಪ್ಲಸ್. ಒಂದು ಸರ್ವಿಸ್ ಚಾರ್ಜ್, ಶೇ 10. ಇನ್ನೊಂದು ಅಲ್ಲಿನ ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈನಲ್ಲಿ ಅದು ಶೇ 16ರಿಂದ 17ಕ್ಕೆ ಏರಿತು. ಎರಡನ್ನೂ ಕೂಡಿಸಿ ಶೇ 27 ಎಂದುಕೊಂಡರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸರ್ವಿಸ್ ಚಾರ್ಜಿನ ಮೇಲೂ ಜಿಎಸ್‌ಟಿ ಬೀಳುತ್ತದೆ. ಸಾವಿರ ಡಾಲರ್ 1,100 ಆಗಿ, ಅದರ ಮೇಲೆ 187 ಕೂಡಿ 1,287 ಆಗುತ್ತದೆ. ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ ಬೇರೆ, ಇಬ್ಬರಿಗೆ 24. ಅಲ್ಲಿಗೆ ವಿಲ್ಲಾಕ್ಕೆ ರಾತ್ರಿಗೆ 1,311. ಎರಡು ವಿಲ್ಲಾ, ನಾಲ್ಕು ರಾತ್ರಿಗೆ ನೀವು 8,000 ಅಂದುಕೊಂಡಿದ್ದು 10,488 ಆಯಿತು. ಇದಕ್ಕೆ ಯಾರೂ ಮೋಸ ಅನ್ನುವುದಿಲ್ಲ, ಚೀಟಿಯಲ್ಲಿ ಪ್ಲಸ್ ಇದೆಯಲ್ಲ! ಎಲ್ಲ ಸೇರಿದ ಒಂದೇ ಮೊತ್ತವನ್ನು ಬರೆದು ಕೊಡಿ ಅನ್ನಿ. ಕ್ರಿಸ್‌ಮಸ್, ಹೊಸವರ್ಷದ ರಾತ್ರಿ ಅನೇಕ ಕಡೆ ಗಾಲಾ ಡಿನ್ನರ್ ಕಡ್ಡಾಯ, ಉಂಡರೂ ಉಣ್ಣದಿದ್ದರೂ ಬಿಲ್ಲು ಬರುತ್ತದೆ. ಮದುವೆಯ ದಿನ ಡಿಸೆಂಬರ್ ಮೊದಲ ಎರಡು ವಾರದಲ್ಲಿ ಬಿದ್ದರೆ ಈ ಖರ್ಚೂ ಇಲ್ಲ, ಕೋಣೆ ದರವೂ ಕೆಳಗಿರುತ್ತದೆ.

ಇನ್ನು ಚೀಟಿಯಲ್ಲಿ ಇಲ್ಲದ ಭಾಗ: ನಿಮ್ಮ ಮನೆಯಿಂದ ವಿಮಾನದವರೆಗಿನ ದಾರಿ. ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಷಾಬಾದ್‌ನಿಂದ ಬೆಳಗ್ಗೆ 7ಕ್ಕೆ ಅಂತರರಾಷ್ಟ್ರೀಯ ವಿಮಾನ ಅಂದರೆ 4ಕ್ಕೆ ಅಲ್ಲಿರಬೇಕು. ಕಾರಿನಲ್ಲಿ ಐದು ತಾಸು ಹಿಡಿದರೆ ಕಲಬುರಗಿ ಬಿಡುವುದು ಹಿಂದಿನ ರಾತ್ರಿ 11ಕ್ಕೆ. ಅಪ್ಪ-ಅವ್ವ ನಿದ್ದೆಗೆಟ್ಟು ದ್ವೀಪ ಮುಟ್ಟುತ್ತಾರೆ. 1,311 ಡಾಲರಿನ ಮೊದಲ ದಿನ ಮಲಗುವುದರಲ್ಲೇ ಕಳೆಯುತ್ತದೆ. ಹಿಂದಿನ ದಿನ ಮಧ್ಯಾಹ್ನ ಊಟ ಮಾಡಿ ಹೊರಡಿ. ಹುಮನಾಬಾದ್‌ನಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಜಹೀರಾಬಾದ್ ದಾಟಿ, ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹತ್ತಿದರೆ ಹೈದರಾಬಾದ್ ನಗರದೊಳಗೆ ಹೋಗುವ ಗೋಜಿಲ್ಲ. ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಆ ರಾತ್ರಿ ಇರಿ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಆಮೇಲೆ ರಾಜಧಾನಿ ಮಾಲೆಯಿಂದ ರೆಸಾರ್ಟಿನ ದ್ವೀಪಕ್ಕೆ ಒಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲಿಂದ ಹಾರುವ ಪುಟ್ಟ ವಿಮಾನ. ಫೋಟೊದಲ್ಲಿ ಬಲು ಚೆಂದ. ವಾಸ್ತವದಲ್ಲಿ ಅದು ಹದಿನೈದು-ಹದಿನಾರು ಜನ ಒತ್ತಿ ಕೂರುವ ಟ್ವಿನ್ ಆಟರ್ ವಿಮಾನ. ಒಳಗೆ ಎಸಿ ಇಲ್ಲ, ಶೌಚಾಲಯ ಇಲ್ಲ, ಸೀಟು ನಂಬರ್ ಇಲ್ಲ. ಸದ್ದಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು. ಪೈಲಟ್ ಬರಿಗಾಲಿನಲ್ಲಿ ಕೂತಿದ್ದರೆ ಗಾಬರಿಯಾಗಬೇಡಿ, ಅಲ್ಲಿ ಅದೇ ರೂಢಿ. ಹತ್ತುವುದು ಅಲುಗಾಡುವ ತೇಲುಕಟ್ಟೆಯಿಂದ, ಕಿರಿದಾದ ಮೆಟ್ಟಿಲ ಮೇಲೆ. ಅವ್ವನವರ ಮೊಣಕಾಲು ಇಲ್ಲೇ ಮೊದಲು ಕೈಕೊಡುತ್ತದೆ.

ಸೀಪ್ಲೇನ್ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ. ಮಾಲೆಗೆ ಮಧ್ಯಾಹ್ನ ಮೂರೂವರೆಯೊಳಗೆ ಇಳಿಯದಿದ್ದರೆ ಸಾಮಾನ್ಯವಾಗಿ ಆ ದಿನ ಸಿಗುವುದಿಲ್ಲ. ಪಕ್ಕದ ಹುಲುಮಾಲೆ ದ್ವೀಪದಲ್ಲಿ ಬೇರೆ ಹೋಟೆಲು, ಇತ್ತ ರೆಸಾರ್ಟ್‌ನ ಒಂದು ರಾತ್ರಿ ಖೋತಾ. ಬೇಗ ಇಳಿದರೂ ನಾಲ್ಕಾರು ರೆಸಾರ್ಟ್‌ಗಳ ಅತಿಥಿಗಳನ್ನು ಒಟ್ಟುಮಾಡಿ ಬಿಡುವುದರಿಂದ ಎರಡು ತಾಸು ಕಾಯುವುದು ಮಾಮೂಲು. ವಾಪಸಿನ ಸಮಯ ತಿಳಿಯುವುದು ಹಿಂದಿನ ಸಂಜೆಗೆ. ಸಾಮಾನು 20 ಕಿಲೋ, ಕೈಚೀಲ 5 ಕಿಲೋ. ತೂಕ ಹೆಚ್ಚಾದ ದಿನ ದೊಡ್ಡ ಬ್ಯಾಗು ಮುಂದಿನ ವಿಮಾನಕ್ಕೆ ಬರುತ್ತದೆ. ಅದಕ್ಕೇ ಅಪ್ಪನವರ ಸಕ್ಕರೆ ಗುಳಿಗೆ, ಇನ್ಸುಲಿನ್ ಇದ್ದರೆ ಅದು, ವೈದ್ಯರ ಚೀಟಿ, ಕಾಯುವಾಗ ತಿನ್ನಲು ಏನಾದರೂ ಎಲ್ಲ ಕೈಚೀಲದಲ್ಲೇ ಇರಲಿ. ಇಷ್ಟಕ್ಕೆ ಹೋಗಿಬರಲು ತಲೆಗೆ ಸಾಮಾನ್ಯವಾಗಿ 400ರಿಂದ 600 ಡಾಲರ್.

ನಮ್ಮ ಸಲಹೆ: ಮಾಲೆಯಿಂದ ಸ್ಪೀಡ್‌ಬೋಟಿನಲ್ಲಿ ಅರ್ಧ-ಮುಕ್ಕಾಲು ತಾಸಿನ ದೂರದ ರೆಸಾರ್ಟ್ ನೋಡಿ. ರಾತ್ರಿ ಇಳಿದರೂ ದೋಣಿ ಇರುತ್ತದೆ. ಅಪ್ಪ-ಅವ್ವನಿಗೆ ನೀರಿನ ಮೇಲಿನ ವಿಲ್ಲಾ ಬೇಡವೇ ಬೇಡ. ಊಟಕ್ಕೆ ಬರಬೇಕೆಂದರೆ ಉದ್ದದ ಮರದ ಸೇತುವೆ ನಡೆಯಬೇಕು, ಇಲ್ಲವೇ ಬಗ್ಗಿ ಎಂಬ ಪುಟ್ಟ ಗಾಡಿ ಕರೆಸಿ ಕಾಯಬೇಕು. ಡೆಕ್ಕಿನಿಂದ ಸಮುದ್ರಕ್ಕೆ ಇಳಿಯುವ ಮೆಟ್ಟಿಲು ಕಡಿದಾಗಿ, ಪಾಚಿಗೆ ಜಾರುವಂತಿರುತ್ತದೆ. ಮರಳಿನ ಮೇಲಿನ ಬೀಚ್ ವಿಲ್ಲಾ ಕೇಳಿ: ಬಾಗಿಲು ತೆರೆದರೆ ನೆಲ, ಮರದ ನೆರಳು, ಹತ್ತು ಹೆಜ್ಜೆಗೆ ನೀರು, ದರವೂ ಬಹುತೇಕ ಕಡಿಮೆ. ನಿಮಗಿಬ್ಬರಿಗೆ ನೀರಿನ ವಿಲ್ಲಾದ ಆಸೆ ಇದ್ದರೆ ಕೊನೆಯ ಒಂದು ರಾತ್ರಿ ಸಾಕು. ‘ಸೂರ್ಯಾಸ್ತದ ಬದಿ’ ಎಂದು ಹೆಚ್ಚಿಗೆ ಕೇಳಿದರೆ ಕೊಡಬೇಡಿ. ಸಂಜೆ ದ್ವೀಪದ ಆಚೆ ದಂಡೆಗೆ ನಡೆದು ಹೋದರೆ ಅದೇ ಸೂರ್ಯ.

ಊಟದ ವಿಷಯದಲ್ಲಿ ‘ಹಾಫ್ ಬೋರ್ಡ್’ ಅಂದರೆ ಬೆಳಗಿನ ತಿಂಡಿ, ರಾತ್ರಿ ಊಟ ಮಾತ್ರ. ದ್ವೀಪದಲ್ಲಿ ರೆಸಾರ್ಟ್ ಬಿಟ್ಟರೆ ಬೇರೆ ಖಾನಾವಳಿ ಇಲ್ಲ, ಮಧ್ಯಾಹ್ನ ಅವರು ಹೇಳಿದ್ದೇ ರೇಟು. ಸಕ್ಕರೆ ಕಾಯಿಲೆಯವರು ಜೊತೆಗಿರುವಾಗ ಮೂರೂ ಹೊತ್ತಿನ ಊಟ ಸೇರಿದ ದರವೇ ವಾಸಿ. ಶಾಕಾಹಾರಿಗಳಾದರೆ ‘ವೆಜ್’ ಎಂದಷ್ಟೇ ಬರೆಸಿದರೆ ಸಾಲದು, ಅಲ್ಲಿನ ಅಡುಗೆಯಲ್ಲಿ ಟ್ಯೂನಾ ಮೀನು ನಮ್ಮ ಹುಣಸೆಹುಳಿಯಷ್ಟು ಸಲೀಸು. ಮೀನು, ಮೊಟ್ಟೆ, ಮಾಂಸದ ಸಾರು, ಮೀನಿನ ಸಾಸ್ ಇಲ್ಲ ಎಂದು ಒಂದೊಂದಾಗಿ ಬರೆಸಿ.

ಕಾಗದಪತ್ರ ಸುಲಭ. ಭಾರತೀಯ ಪ್ರವಾಸಿಗರಿಗೆ ವೀಸಾ ಇಳಿದಲ್ಲೇ, ಪುಕ್ಕಟೆ. ಹೋಗುವ ಮುನ್ನಿನ 96 ತಾಸಿನೊಳಗೆ ‘ಇಮುಗಾ’ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಅದಕ್ಕೂ ಶುಲ್ಕವಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅದು ನಕಲಿ ತಾಣ. ಪ್ರವಾಸ ವಿಮೆಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗುತ್ತದೆ. ದ್ವೀಪದಿಂದ ಮಾಲೆಯ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಏಜೆಂಟರು ಟಿಸಿಎಸ್ ಎಂದು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆಯ ಮೊತ್ತ ನಷ್ಟವಲ್ಲ, ಯಾರ ಪ್ಯಾನ್‌ಗೆ ಜಮೆಯಾಗುತ್ತದೋ ಅವರು ರಿಟರ್ನ್ ಹಾಕಿದಾಗ ಹೊಂದಿಕೆಯಾಗುತ್ತದೆ. ಹೇಗೂ ವರ್ಷಾವರ್ಷ ರಿಟರ್ನ್ ಹಾಕುವವರು ನೀವು. ನಿಮ್ಮ ಪ್ಯಾನೇ ಕೊಡಿ. ಅದರ ದರ ಬಜೆಟ್ಟಿನಲ್ಲಿ ಬದಲಾಗುವುದುಂಟು, ಹಣ ಕಟ್ಟುವ ದಿನದ್ದನ್ನು ಕೇಳಿ.

ಗೋಲ್ಡನ್ ಚಾರಿಯಟ್ ಒಳ್ಳೆಯ ರೈಲು. ಬೆಂಗಳೂರಿನಿಂದ ಐದು ರಾತ್ರಿ, ಆರು ಹಗಲು. ಕ್ಯಾಬಿನ್‌ಗೊಂದು ಸ್ನಾನದ ಮನೆ, ಬ್ಯಾಗು ಒಂದೇ ಸಲ ಬಿಚ್ಚಿದರೆ ಸಾಕು. ಆದರೆ ದಿನಾ ಬಸ್ಸು ಹತ್ತಿ ಇಳಿದು ಗುಡಿ-ಕೋಟೆ ನಡೆಯಬೇಕು, ಅವ್ವನವರ ಮೊಣಕಾಲಿಗೆ ಅದು ಮಾಲ್ಡೀವ್ಸ್‌ಗಿಂತ ಕಷ್ಟ. ದರ ತಲೆಗೋ ಕ್ಯಾಬಿನ್‌ಗೋ ಎಂದು ಮೊದಲೇ ಕೇಳಿಕೊಳ್ಳಿ. ಅದರ ಬೋಗಿಗಳಿಗೆ ನಾಡನ್ನಾಳಿದ ಮನೆತನಗಳ ಹೆಸರಿದೆ. ರಾಷ್ಟ್ರಕೂಟ, ಬಹಮನಿ ಎರಡೂ ಇವೆ. ಆ ಮನೆತನಗಳ ರಾಜಧಾನಿಯಾಗಿದ್ದ ಮಳಖೇಡಕ್ಕೂ ಬೀದರಿಗೂ ಮಾತ್ರ ಈ ರೈಲು ಬರುವುದಿಲ್ಲ.

ರೊಟ್ಟಿ ಧಾರಾಳವಾಗಿ ಒಯ್ಯಬಹುದು. ಖಡಕ್ ರೊಟ್ಟಿಗೆ ತಡೆಯಿಲ್ಲ; ಅಲ್ಲಿ ಬಿಡದಿರುವುದು ಮದ್ಯ ಮತ್ತು ಹಂದಿಮಾಂಸ. ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಪುಡಿಯಾಗುತ್ತದೆ, ಕೈಚೀಲವೇ ಸರಿ. ಸ್ಟೀಲ್ ಡಬ್ಬಿ ಬಿಟ್ಟು ಸಿಹಿತಿಂಡಿಯ ಗಟ್ಟಿ ರಟ್ಟಿನ ಡಬ್ಬಿಯಲ್ಲಿ, ಅರಿವೆ ಸುತ್ತಿ ಇಡಲಿ. 5 ಕಿಲೋದಲ್ಲಿ ಡಬ್ಬಿಯ ಭಾರವೇ ಮುಗಿಯಬಾರದು. ಶೇಂಗಾ ಹಿಂಡಿಯೂ ಎಣ್ಣೆ ಉಪ್ಪಿನಕಾಯಿಯೂ ದೊಡ್ಡ ಬ್ಯಾಗಿಗೆ, ಎರಡೆರಡು ಪ್ಲಾಸ್ಟಿಕ್ ಚೀಲ ಸುತ್ತಿ. ಮೊಸರು ರೆಸಾರ್ಟ್‌ನಲ್ಲಿ ಸಿಗುತ್ತದೆ.