ಅಮೆರಿಕದಲ್ಲಿ ಕಾಲೇಜು ಫ್ರೀ ಮಾಡಿದರೆ ಬಡ ಹುಡುಗರು ಗ್ಯಾಂಗ್ ಸೇರುವುದು ನಿಲ್ಲುತ್ತಾ?

ಫೀಸು ಮಾಫಿ ಮಾಡಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಹಾಗಂತ ಉಪಯೋಗವೇ ಇಲ್ಲ ಅಂತಾನೂ ಅಲ್ಲ. ಹುಡುಗರು ಗ್ಯಾಂಗಿನ ಸಹವಾಸಕ್ಕೆ ಬೀಳುವುದು ಹೆಚ್ಚಾಗಿ ಹದಿಮೂರು, ಹದಿನಾಲ್ಕರ ವಯಸ್ಸಲ್ಲಿ. ಕಾಲೇಜು ಫೀಸಿನ ಮಾತು ಬರುವುದು ಹದಿನೆಂಟಕ್ಕೆ. ಅಷ್ಟರೊಳಗೆ ಹುಡುಗ 'ಕಾಲೇಜೆಲ್ಲ ನಮ್ಮಂಥವರಿಗಲ್ಲ ಬಿಡು' ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾನೆ. ಆಮೇಲೆ ಫೀಸು ತೆಗೆದರೆಷ್ಟು, ಬಿಟ್ಟರೆಷ್ಟು?

ಗ್ಯಾಂಗಲ್ಲಿ ದುಡ್ಡು ಜಾಸ್ತಿ, ಅದಕ್ಕೇ ಹೋಗುತ್ತಾರೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಶಿಕಾಗೋದ ಡ್ರಗ್ಸ್ ಮಾರುವ ಗ್ಯಾಂಗೊಂದು ಯಾವ ತಿಂಗಳು ಎಷ್ಟು ಬಂತು, ಯಾರಿಗೆ ಎಷ್ಟು ಕೊಟ್ಟೆವು ಅಂತ ನಾಲ್ಕು ವರ್ಷ ಲೆಕ್ಕ ಬರೆದಿಟ್ಟಿತ್ತು, ಥೇಟ್ ಅಂಗಡಿಯವರ ಹಾಗೆ. ಆ ಲೆಕ್ಕ ಸಮಾಜಶಾಸ್ತ್ರಜ್ಞ ಸುಧೀರ್ ವೆಂಕಟೇಶ್ ಕೈಗೆ ಸಿಕ್ಕಿತು. ಅವರೂ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಅವರೂ ಸೇರಿ 2000ದಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಬೀದಿ ಮೂಲೆಯಲ್ಲಿ ನಿಂತು ಮಾರುವ ಹುಡುಗನಿಗೆ ಗಂಟೆಗೆ ಸಿಗುತ್ತಿದ್ದದ್ದು ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿಯಷ್ಟೇ, ಇಲ್ಲವೇ ಅದಕ್ಕಿಂತ ಕಡಿಮೆ! ಜೊತೆಗೆ ಗುಂಡೇಟಿನ ಭಯ ಬೇರೆ. ಮತ್ತೆ ಯಾಕೆ ನಿಂತಿದ್ದ? ನಾಳೆ ನಾನೂ ಮೇಲಿನ ಜಾಗಕ್ಕೆ ಬರಬಹುದು ಅನ್ನುವ ಆಸೆ. ಮೇಲೆ ಬಂದವನು ಅದೇ ಬೀದಿಯಲ್ಲಿ ಕಣ್ಣೆದುರೇ ಓಡಾಡುತ್ತಿರುತ್ತಾನೆ. ಡಿಗ್ರಿ ಮಾಡಿ ಮೇಲೆ ಬಂದವನು ಆ ಬೀದಿ ಬಿಟ್ಟು ಹೋಗಿರುತ್ತಾನೆ, ಅಲ್ವಾ?

ಹಾಗಾಗಿ ನನ್ನ ಪ್ರಕಾರ ಫೀಸು ಎಷ್ಟು ಕಡಿಮೆ ಅನ್ನುವುದಕ್ಕಿಂತ, 'ನಿನಗೆ ಫೀಸಿಲ್ಲ' ಅನ್ನುವ ಮಾತನ್ನು ಹುಡುಗನಿಗೆ ಯಾವಾಗ, ಎಷ್ಟು ಖಚಿತವಾಗಿ ಹೇಳುತ್ತೀರಿ ಅನ್ನುವುದೇ ಮುಖ್ಯ. ಮಿಶಿಗನ್ ವಿಶ್ವವಿದ್ಯಾಲಯ 2015ರಲ್ಲಿ ಒಂದು ಪ್ರಯೋಗ ಶುರು ಮಾಡಿತು. ಚೆನ್ನಾಗಿ ಓದುವ ಬಡ ಮಕ್ಕಳ ಮನೆಗೆ ಕಾಗದ ಕಳಿಸಿದರು. ಸೀಟು ಸಿಕ್ಕಿದರೆ ನಾಲ್ಕು ವರ್ಷ ಫೀಸಿಲ್ಲ, ಆದಾಯದ ಫಾರ್ಮ್ ತುಂಬುವ ರಗಳೆಯೂ ಇಲ್ಲ, ಇಷ್ಟೇ ವಿಷಯ. ಅಪ್ಪ ಅಮ್ಮನಿಗೂ ಶಾಲೆಯ ಪ್ರಿನ್ಸಿಪಾಲರಿಗೂ ಬೇರೆ ಬೇರೆ ಕಾಗದ. ಸೀಟು ಸಿಕ್ಕಿ ಫಾರ್ಮ್ ತುಂಬಿದ್ದರೆ ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ನೆರವು ಹೇಗೂ ಸಿಗುತ್ತಿತ್ತು! ಆದರೂ ಕಾಗದ ಬಾರದವರಲ್ಲಿ ನೂರಕ್ಕೆ 26 ಮಂದಿ ಅರ್ಜಿ ಹಾಕಿದರೆ, ಬಂದವರಲ್ಲಿ 68 ಮಂದಿ ಹಾಕಿದರು. ಇವರೆಲ್ಲ ಒಳ್ಳೆ ಮಾರ್ಕ್ಸ್ ತೆಗೆಯುವ ಮಕ್ಕಳು, ಗ್ಯಾಂಗಿನ ಹುಡುಗರಲ್ಲ, ಒಪ್ಪುತ್ತೇನೆ. ಅವರಿಗೇ ಇಷ್ಟು ಅನುಮಾನ ಇದ್ದರೆ ಉಳಿದವರ ಕಥೆ ಏನು?

ಇಂಡಿಯಾನಾ ರಾಜ್ಯ 1990ರಲ್ಲೇ ಇನ್ನೂ ಮುಂಚಿತವಾಗಿ ಕೈಹಾಕಿತು. ಎಂಟನೇ ಕ್ಲಾಸಿನ ಆಸುಪಾಸಿನಲ್ಲಿರುವ ಬಡ ಮಕ್ಕಳು ಓದು ಮುಗಿಸುತ್ತೇವೆ, ಡ್ರಗ್ಸ್, ಅಪರಾಧದ ಕಡೆ ಹೋಗುವುದಿಲ್ಲ ಅಂತ ಬರೆದುಕೊಟ್ಟರೆ ಮುಂದೆ ಕಾಲೇಜಿನ ಫೀಸು ರಾಜ್ಯದ್ದು. ವಯಸ್ಸು ಸರಿಯಾಗಿಯೇ ಹಿಡಿದರು. ಆದರೆ ಅರ್ಹತೆ ಇದ್ದೂ ಎಷ್ಟೋ ಮಕ್ಕಳು ಹೆಸರೇ ಬರೆಸುತ್ತಿರಲಿಲ್ಲ. ಕೊನೆಗೆ 2023ರಲ್ಲಿ ಕಾನೂನು ಬದಲಿಸಿ, ಅರ್ಹ ಮಕ್ಕಳ ಹೆಸರು ತಾನಾಗಿಯೇ ಸೇರುವ ಹಾಗೆ ಮಾಡಿದರು.

ಆಗಲೇ ದಾರಿ ತಪ್ಪಿದವನ ಪಾಡು ಬೇರೆ. 1994ರ ಕಾನೂನು ಜೈಲಿನಲ್ಲಿದ್ದವರಿಗೆ ಪೆಲ್ ಗ್ರಾಂಟ್ ನಿಲ್ಲಿಸಿತು. ಅದು ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ನೆರವು, ವಾಪಸ್ ಕಟ್ಟಬೇಕಿಲ್ಲ. 1998ರಲ್ಲಿ ಡ್ರಗ್ಸ್ ಕೇಸಲ್ಲಿ ಶಿಕ್ಷೆಯಾದ ವಿದ್ಯಾರ್ಥಿಗೂ ಕತ್ತರಿ ಬಿತ್ತು. ಗ್ಯಾಂಗ್ ಬಿಟ್ಟು ಬಾ ಅನ್ನುವವರೇ ಬಾಗಿಲು ಹಾಕಿಕೊಂಡರೆ ಅವನು ಎಲ್ಲಿಗೆ ಬರಬೇಕು, ಹೇಳಿ? ಡ್ರಗ್ಸ್ ಕೇಸಿನ ಆ ನಿಯಮ ಈಗ ಹೋಗಿದೆ. ಜೈಲಿನವರಿಗೆ ಗ್ರಾಂಟ್ ಮತ್ತೆ ವ್ಯಾಪಕವಾಗಿ ಸಿಗಲು 2023ರ ಜುಲೈ ಬರಬೇಕಾಯಿತು.

ಇನ್ನು 'ಫ್ರೀ ಕಾಲೇಜು' ಅಂದಾಗ ಸಾಮಾನ್ಯವಾಗಿ ಫ್ರೀ ಆಗುವುದು ಫೀಸು ಮಾತ್ರ. ಬಾಡಿಗೆ, ಊಟ, ಓಡಾಟದ ಖರ್ಚು ಹಾಗೇ ಇರುತ್ತದೆ. ಮನೆಯಲ್ಲಿ ದುಡಿಯುವವನು ಇವನೊಬ್ಬನೇ ಆಗಿದ್ದರೆ ಕ್ಲಾಸಿಗೆ ಹೋದಷ್ಟು ಹೊತ್ತಿನ ಸಂಪಾದನೆಯೂ ಖೋತಾ. ಅದನ್ನು ಯಾರು ತುಂಬಿಕೊಡುತ್ತಾರೆ ಅನ್ನುವುದಕ್ಕೆ ಹೆಚ್ಚಿನ ಯೋಜನೆಗಳಲ್ಲಿ ಉತ್ತರವಿಲ್ಲ.