ಹೊಸ ಬಣ್ಣದ ಅರಮನೆ, ಹಳೆಯ ಕೈ

ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಉಪನ್ಯಾಸಕರು, ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ರಾಜಧಾನಿ ಸೋಲ್‌ನಲ್ಲಿ ಒಂದು ದಿನ ಸುತ್ತಾಡಿದ ಅನುಭವವನ್ನು ಬರೆದು ಕಳಿಸಿದ್ದಾರೆ. ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಮೊನ್ನೆ ಬಣ್ಣ ಬಳಿದಂತಿದೆ, ಹಾನ್‌ಬೊಕ್ ಎಂಬ ಸಾಂಪ್ರದಾಯಿಕ ಉಡುಪನ್ನು ಬಾಡಿಗೆಗೆ ತಂದು ಉಟ್ಟ ಪ್ರವಾಸಿಗರಿಂದ ಅದು ನಾಟಕದ ಕಂಪನಿಯಂತೆ ಕಾಣುತ್ತದೆ, ಊಟದಲ್ಲಿ ಬಟ್ಟಲು ಹೆಚ್ಚು ರುಚಿ ಕಡಿಮೆ, ಸೋಯಾ ಸಾರಿನ ವಾಸನೆಯಂತೂ ಸಂಜೆಯವರೆಗೂ ಬಿಡಲಿಲ್ಲ ಎಂಬುದು ಅವರ ದೂರು. "ಹಂಪಿಯ ಒಂದು ಮುರಿದ ಕಂಬದಲ್ಲಿರುವ ಪರಂಪರೆ ಆ ಇಡೀ ಅರಮನೆಯಲ್ಲಿಲ್ಲ" ಎಂದು ಪತ್ರ ಮುಗಿಸಿದ್ದಾರೆ.

ಮಾನ್ಯರೇ, ಹಾನ್‌ಬೊಕ್ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಅದನ್ನು ಉಟ್ಟವರಿಗೆ ಅರಮನೆಯ ಪ್ರವೇಶ ಉಚಿತವಾದ್ದರಿಂದ ಬಾಡಿಗೆ ಅಂಗಡಿಗಳು ಬೀದಿಗೊಂದರಂತೆ ತಲೆಯೆತ್ತಿವೆ. ಪಕ್ಕದ ಬುಕ್‌ಚೊನ್ ಓಣಿಯ ಹಳೆಯ ಮನೆಗಳ ಮುಂದೆ ಪ್ರವಾಸಿಗರ ಕಾಟ ಹೆಚ್ಚಿ, ಕೊನೆಗೆ ಸಂಜೆ ಐದರ ನಂತರ ಅಲ್ಲಿ ಸುಳಿದವರಿಗೆ ದಂಡ ಹಾಕುವ ನಿಯಮವೇ ಬಂದಿದೆ. ಇಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ, ಏಕೆಂದರೆ ನಿಮ್ಮ ಕೊನೆಯ ವಾಕ್ಯ ನನ್ನನ್ನು ಸುಮ್ಮನಿರಗೊಡಲಿಲ್ಲ.

ಕಲ್ಲು ಹಳೆಯದಾದಷ್ಟೂ ಪರಂಪರೆ ಗಟ್ಟಿ ಎಂಬ ನಂಬಿಕೆ ಕಲ್ಲಿನಲ್ಲಿ ಕಟ್ಟಿದ ನಮಗೆ ಸಹಜವಿರಬಹುದು. ಮರದಲ್ಲಿ ಕಟ್ಟಿದವರ ಕತೆ ಬೇರೆ. 1395ರಲ್ಲಿ ಎದ್ದ ಈ ಅರಮನೆ 1592ರ ಜಪಾನೀ ದಾಳಿಯ ಹೊತ್ತಿನಲ್ಲಿ ಸುಟ್ಟು, ಇನ್ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಪಾಳುಬಿದ್ದು, 1867ರಲ್ಲಿ ಮತ್ತೆ ಎದ್ದಿತು. ನೀವು ಹೊಸದೆಂದು ಮೂಗು ಮುರಿದ ಸಿಂಹಾಸನದ ಸಭಾಂಗಣ ಆಗಿನದೇ. ವಸಾಹತು ಕಾಲದಲ್ಲಿ ಜಪಾನೀಯರು ಬಹುಪಾಲು ಕಟ್ಟಡಗಳನ್ನು ಕೆಡವಿ, 1926ರಲ್ಲಿ ಅರಮನೆಯ ಎದೆಗೇ ತಮ್ಮ ಆಡಳಿತ ಭವನವನ್ನು ಕಟ್ಟಿದರು. ಸ್ವಾತಂತ್ರ್ಯದ ಐವತ್ತನೇ ವರ್ಷವಾದ 1995ರಲ್ಲಿ ಕೊರಿಯನ್ನರು ಅದನ್ನು ಒಡೆಯಲು ಕೈಹಾಕಿದರು. ಮುಂಬಾಗಿಲಾದ ಗ್ವಾಂಗ್‌ಹ್ವಾಮುನ್‌ನ ಕತೆ ಇನ್ನೂ ಸ್ವಾರಸ್ಯವಾಗಿದೆ. ಕೊರಿಯಾ ಯುದ್ಧದಲ್ಲಿ ಹಾಳಾದ ಅದನ್ನು 1968ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದರು. ದೂರದಿಂದ ಯಾರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ಅದನ್ನು ಕಿತ್ತುಹಾಕಿ, ಮೂಲ ಜಾಗದಲ್ಲೇ ಮರದಿಂದ ಕಟ್ಟಿ 2010ರಲ್ಲಿ ತೆರೆದರು. ನಮ್ಮಲ್ಲಾಗಿದ್ದರೆ ಆ ಕಾಂಕ್ರೀಟಿಗೇ ಉದ್ಘಾಟನೆಯ ಫಲಕವಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು.

ಅವರೂ ಎಡವಿದ್ದಾರೆ. ಸೋಲ್‌ನ ದಕ್ಷಿಣ ಬಾಗಿಲು ಸುಂಗ್ನ್ಯೆಮುನ್‌ಗೆ 2008ರಲ್ಲಿ ಒಬ್ಬ ಬೆಂಕಿಯಿಟ್ಟ. ಐದು ವರ್ಷ ದುಡಿದು 2013ರಲ್ಲಿ ಅದನ್ನು ಮತ್ತೆ ತೆರೆದರೆ, ಕೆಲವೇ ತಿಂಗಳಲ್ಲಿ ಸೂರಿನ ಕೆಳಗಿನ ಬಣ್ಣ ಹಪ್ಪಳದಂತೆ ಏಳತೊಡಗಿತು. ಸಾಂಪ್ರದಾಯಿಕ ಬಣ್ಣ ಮತ್ತು ಅಂಟನ್ನೇ ಬಳಸಬೇಕಿದ್ದ ಕಡೆ ರಾಸಾಯನಿಕ ಬಣ್ಣ ಬೆರೆಸಿದ್ದು ತನಿಖೆಯಲ್ಲಿ ಹೊರಬಿತ್ತು. ಹಣವಿತ್ತು, ಮರವಿತ್ತು, ಜನರ ಭಕ್ತಿಯೂ ಇತ್ತು. ಬಣ್ಣವನ್ನು ಹದ ಮಾಡುವ ಕೈ ನಡುವೆ ಎಲ್ಲೋ ತಪ್ಪಿಹೋಗಿತ್ತು. ನಾನು ಪರಂಪರೆಯನ್ನು ಹುಡುಕುವುದು ಆ ಕೈಯಲ್ಲಿ.

ಅಡುಗೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ನಿಮ್ಮನ್ನು ಕಾಡಿದ ಆ ವಾಸನೆ ದ್ವೆನ್‌ಜಾಂಗ್ ಎಂಬ ಹುದುಗಿಸಿದ ಸೋಯಾ ಮುದ್ದೆಯದು. ಸೋಯಾ ಕಾಳನ್ನು ಬೇಯಿಸಿ, ಕುಟ್ಟಿ, ಇಟ್ಟಿಗೆಯಂತೆ ಅಚ್ಚುಕಟ್ಟಿ, ಭತ್ತದ ಹುಲ್ಲಿನ ಹಗ್ಗದಲ್ಲಿ ತೂಗುಹಾಕುತ್ತಾರೆ. ಹುಲ್ಲಿನಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಆಮೇಲೆ ಮಣ್ಣಿನ ಜಾಡಿಯ ಉಪ್ಪುನೀರಿನಲ್ಲಿ ಅದನ್ನು ಮುಳುಗಿಸಿ, ಮೇಲೆ ಇದ್ದಿಲ ತುಂಡು, ಒಣಮೆಣಸಿನಕಾಯಿ ತೇಲಿಬಿಡುತ್ತಾರೆ. ಬಿಸಿಲಿದ್ದ ದಿನ ಮುಚ್ಚಳ ತೆಗೆಯಬೇಕು, ಮೋಡ ಕವಿದರೆ ಓಡಿಬಂದು ಮುಚ್ಚಬೇಕು. ಒಂದೆರಡು ತಿಂಗಳಾದ ಮೇಲೆ ಬಸಿದ ನೀರು ಸೋಯಾ ಸಾಸ್ ಆಗುತ್ತದೆ, ಉಳಿದ ಗಟ್ಟಿ ಭಾಗ ದ್ವೆನ್‌ಜಾಂಗ್. ಉಪ್ಪುನೀರಿನಲ್ಲಿ ಮಾವಿನ ಮಿಡಿ ಹಾಕಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಹೆಂಗಸರಿರುವ ನಾಡಿನವರು ನೀವು. ಆ ವಾಸನೆಗೆ ಮುಖ ತಿರುಗಿಸಿದ್ದು ನನಗೆ ಸ್ವಲ್ಪ ಬೇಸರ ತಂದಿತು.

ಈ ಜಾಡಿಯ ವಿದ್ಯೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಚಳಿಗಾಲಕ್ಕೆ ಮುನ್ನ ನೆಂಟರಿಷ್ಟರು ಕೂಡಿ ಕಿಮ್ಚಿ ಎಂಬ ಕೋಸಿನ ಉಪ್ಪಿನಕಾಯಿ ಹಾಕುವ ಪದ್ಧತಿಯನ್ನು 2013ರಲ್ಲೇ ಸೇರಿಸಿತ್ತು. ಅದಕ್ಕಿಂತ ದೊಡ್ಡದು ಅವರೇ ಮೊದಲು ಮಾಡಿಕೊಂಡ ಕೆಲಸ. 1962ರಲ್ಲಿ ಅಲ್ಲಿ ಬಂದ ಕಾನೂನು, ಕಟ್ಟಡಗಳ ಜೊತೆಗೆ ವಿದ್ಯೆಯನ್ನೂ ರಾಷ್ಟ್ರದ ಆಸ್ತಿ ಎಂದು ಗುರುತಿಸಿತು. 1971ರಲ್ಲಿ ಜೊಸೊನ್ ರಾಜವಂಶದ ಅರಮನೆಯ ಅಡುಗೆ ಆ ಆಸ್ತಿಯ ಪಟ್ಟಿಗೆ ಸೇರಿದಾಗ, ಅರಮನೆಯಲ್ಲಿ ಅಡುಗೆ ಮಾಡಿದ್ದ ಹಾನ್ ಹೀ-ಸುನ್ ಎಂಬ ವೃದ್ಧೆಯನ್ನು ಅದರ ಮೊದಲ ವಾರಸುದಾರಳೆಂದು ಸರ್ಕಾರ ಮಾನ್ಯ ಮಾಡಿತು. ಅವರ ಬಳಿ ವರ್ಷಗಟ್ಟಲೆ ಕಲಿತ ಹ್ವಾಂಗ್ ಹ್ಯೆ-ಸೊಂಗ್, ಗುರುವಿನ ನಂತರ ಆ ಸ್ಥಾನಕ್ಕೆ ಬಂದರು. ನಮ್ಮಲ್ಲಿ ಅಡುಗೆಗೆ ಆಹಾರ ಮೇಳವಿದೆ, ಮೇಳಕ್ಕೆ ಪ್ಲಾಸ್ಟಿಕ್ ತಟ್ಟೆಯಿದೆ. ಮಿಡಿ ಹಾಕುವ ಅಜ್ಜಿಯನ್ನು ಕರೆದು ಕೂರಿಸಿ, ನಾಲ್ಕು ಹುಡುಗಿಯರಿಗೆ ಕಲಿಸಮ್ಮ ಎಂದು ಸಂಬಳ ಕೊಡುವ ಯೋಜನೆಯನ್ನು ನಾನಂತೂ ಕಂಡಿಲ್ಲ. ಹೊಯ್ಸಳರ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹೆಸರು ಕೊರೆದರು. ಇಂದು ಜೀರ್ಣೋದ್ಧಾರವಾದ ಗುಡಿಯ ಮುಂದೆ ಶಾಸಕರ ಹೆಸರಿರುತ್ತದೆ, ಗುತ್ತಿಗೆದಾರರ ಹೆಸರಿರುತ್ತದೆ, ಕಲ್ಲುಕುಟಿಗನದು ಇರುವುದಿಲ್ಲ. ಕಲ್ಲಿನ ಮೇಲೆ ಎನಾಮಲ್ ಬಣ್ಣವಂತೂ ಇದ್ದೇ ಇರುತ್ತದೆ!

ಇಷ್ಟೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ನೀವು ಸುವೊನ್‌ನಲ್ಲೇ ಉಳಿದುಕೊಂಡಿದ್ದಿರಿ. ಊರ ನಡುವೆಯೇ ಇರುವ ಹ್ವಾಸೊಂಗ್ ಕೋಟೆಯ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲ. 1796ರಲ್ಲಿ ಮುಗಿದ ಆ ಕೋಟೆಯ ನಕ್ಷೆ, ಸಾಮಗ್ರಿ, ದುಡಿದ ಕಸುಬುದಾರರ ಹೆಸರು, ಕೂಲಿಯ ಲೆಕ್ಕ ಎಲ್ಲವನ್ನೂ ರಾಜ ಜೊಂಗ್ಜೊನ ಅಧಿಕಾರಿಗಳು ಬರೆದಿಟ್ಟಿದ್ದರು. ಯುದ್ಧದಲ್ಲಿ ಜಖಂಗೊಂಡ ಕೋಟೆಯನ್ನು 1970ರ ದಶಕದಲ್ಲಿ ಆ ದಾಖಲೆಯನ್ನು ಮುಂದಿಟ್ಟುಕೊಂಡೇ ಮತ್ತೆ ಕಟ್ಟಿದರು, 1997ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಮುಂದಿನ ಸಲ ನವೆಂಬರ್ ಕೊನೆಗೆ ಹೋಗಿ. ಕಿಮ್ಚಿ ಹಾಕುವ ಕಾಲವದು. ಕೋಟೆಯನ್ನು ಒಂದು ಸುತ್ತು ಹಾಕಿ ಬಂದು ಪತ್ರ ಬರೆಯಿರಿ, ಈ ಅಂಕಣದಲ್ಲಿ ಜಾಗ ಕಾದಿರಿಸುತ್ತೇನೆ.

— ಸಂಪಾದಕ