ಅನ್ನನಾಳದಲ್ಲಿ ಜಠರದ ಪದರ: ಹೆದರಬೇಕಾ?

ಎಂಡೋಸ್ಕೋಪಿಯಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ಜಠರದ ಒಳಪದರ ಕಂಡಿದೆ, ಕ್ಯಾನ್ಸರ್ ಆಗುತ್ತಾ ಅಂತ ಕೇಳಿದ್ದೀರಿ. ಆಗೋದು ತೀರಾ ಅಪರೂಪ. ಇದಕ್ಕೆ ಇನ್‌ಲೆಟ್ ಪ್ಯಾಚ್ ಅಂತಾರೆ, ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುತ್ತದೆ. ಕ್ಯಾಮೆರಾದಲ್ಲಿ ಸುತ್ತಲಿನ ಮಸುಕು ಪದರದ ನಡುವೆ ಕೆಂಪಗೆ, ಮಖಮಲ್ಲಿನ ಹಾಗೆ ಕಾಣುತ್ತದೆ.

ಬಹಳಷ್ಟು ಜನಕ್ಕೆ ಇದು ಇರೋದೇ ಗೊತ್ತಾಗಲ್ಲ. ಕೆಲವರಲ್ಲಿ ಆ ಜಾಗದಲ್ಲೇ ಆಮ್ಲ ಸುರಿಯುತ್ತದೆ; ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನಿಸುತ್ತದೆ. ಅದಕ್ಕೆ ಆಮ್ಲ ತಗ್ಗಿಸುವ ಮಾತ್ರೆ ಕೊಡುತ್ತಾರೆ. ನುಂಗೋಕೆ ಕಷ್ಟ ಆದರೆ ಮಾತ್ರ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನೀವು ನೆಟ್‌ನಲ್ಲಿ ಓದಿ ಹೆದರಿದ್ದು ಬಹುಶಃ ಬ್ಯಾರೆಟ್ಸ್ ಬಗ್ಗೆ, ಅಲ್ವಾ? ಅದು ಬೇರೆ. ವರ್ಷಗಟ್ಟಲೆ ಆಮ್ಲ ಮೇಲೇರಿ ಅನ್ನನಾಳದ ಕೆಳತುದಿಯ ಪದರವೇ ಬದಲಾಗೋದು. ಆಗಾಗ ಎಂಡೋಸ್ಕೋಪಿ ಮಾಡಿ ಕಣ್ಣಿಡಬೇಕಾದದ್ದು ಅದಕ್ಕೆ.

ಜಠರದ ಪದರ ಕರುಳಲ್ಲೂ ಸಿಗುತ್ತದೆ. ಸುಮಾರು 100ಕ್ಕೆ 2 ಜನರಿಗೆ ಸಣ್ಣಕರುಳಿನ ಕೊನೆಭಾಗದಲ್ಲಿ ಮೆಕೆಲ್ ಚೀಲ, ಅಂದರೆ ಹುಟ್ಟಿನಿಂದಲೇ ಕರುಳಿನ ಗೋಡೆಯಿಂದ ಹೊರಚಾಚಿದ ಪುಟ್ಟ ಚೀಲ, ಇರುತ್ತದೆ. ಅದರೊಳಗೆ ಈ ಪದರವೂ ಇದ್ದರೆ ಆಮ್ಲ ತಗುಲಿ ಪಕ್ಕದ ಕರುಳು ಹುಣ್ಣಾಗುತ್ತದೆ. ಚಿಕ್ಕ ಮಕ್ಕಳಿಗೆ ನೋವೇ ಇಲ್ಲದೆ ಮಲದಲ್ಲಿ ಜಾಸ್ತಿ ರಕ್ತ ಹೋದರೆ ಡಾಕ್ಟರು ಟೆಕ್ನೀಷಿಯಂ ಸ್ಕ್ಯಾನ್ (ಜಠರದ ಪದರ ಹೀರಿಕೊಳ್ಳುವ ವಿಕಿರಣ ವಸ್ತು ಕೊಟ್ಟು ತೆಗೆಯುವ ಚಿತ್ರ) ಮಾಡಿಸೋದು ಇದನ್ನೇ ಹುಡುಕೋಕೆ.

ನಿಮ್ಮದರಲ್ಲಿ ಬಯಾಪ್ಸಿ ತೆಗೆದಿದ್ದರೆ ಆ ರಿಪೋರ್ಟಿನಲ್ಲಿ ‘ಡಿಸ್‌ಪ್ಲೇಸಿಯಾ ಇಲ್ಲ’, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದಂಥ ಜೀವಕೋಶದ ಬದಲಾವಣೆ ಇಲ್ಲ, ಅಂತ ಇದೆಯಾ ನೋಡಿ.